ಕೊಕ್ಕರೆಯ ರೆಕ್ಕೆ

"ಇದು ಕೊಕ್ಕರೆಯಾ? ಬಿಸಿ ಬಾಣಲೆ ಮೇಲೆ ಕೂತ ಗುಬ್ಬಿ ಥರ ಇದೆ!"

ಝುಮುರ್ ನಿರುಪಮನಿಗೆ ಆಡಿದ ಮೊದಲ ಮಾತೇ ಅದು. ಈಗೇನು, ಒಂದು ಸಿದ್ಧ ಸರ್ಕ್ಯೂಟ್ ಕಾರ್ಡ್ ತಂದು ಸಿಕ್ಕಿಸಿದರೆ ಬೇಕಾದ ಹಕ್ಕಿ ಹಾರುತ್ತದೆ. ಚಂದನನಗರದ ಲೈಟಿನ ಕೆಲಸಕ್ಕೆ ಆಗಿನ್ನೂ ಚಿಪ್ ಹೊಸದು. ಜಗದ್ಧಾತ್ರಿ ಪೂಜೆಯ ಮೆರವಣಿಗೆಗೆ ಅವಳ ಬಾಬಾ, ಅಂದರೆ ಅಪ್ಪ, ಹರಿಪದ ಪಾಲ್ ಬಿದಿರಿನ ಚೌಕಟ್ಟಿಗೆ ಪುಟ್ಟ ಬಲ್ಬು ಕಟ್ಟಿ ಆನೆ, ನವಿಲು ಮಾಡುತ್ತಿದ್ದರು. ತಾಮ್ರದ ಪಟ್ಟಿ ಬಡಿದ ಮರದ ರೋಲರ್ ಮೆಲ್ಲಗೆ ತಿರುಗಿ ಬಲ್ಬುಗಳನ್ನು ಸಾಲಾಗಿ ಹೊತ್ತಿಸುತ್ತಿತ್ತು. ಆ ವರ್ಷ ಬಾಬಾನ ಕೈ ನಡುಗತೊಡಗಿತು. ರೋಲರ್ ಮಾಡಲಾಗದೆ, ದೀಪದ ಕೊಕ್ಕರೆಯ ರೆಕ್ಕೆ ಆಡಿಸಲು ಕಲ್ಕತ್ತಾದಿಂದ ಚಿಪ್ ಕೆಲಸ ಬಲ್ಲ ನಿರುಪಮನನ್ನು ಕರೆಸಿದರು.

"ಚಿಪ್‌ನೊಳಗಿನ ಟೈಮರ್ ಕಣ್ಣು ಮಿಟುಕಿಸೋದ್ರೊಳಗೆ ಎಣಿಸಿ ತುಂಬಿಬಿಡುತ್ತೆ," ಅವನು ತಲೆ ಕೆರೆದುಕೊಂಡ. "ಅದಕ್ಕೇ ರೆಕ್ಕೆಗೆ ಇಷ್ಟು ಅವಸರ."

"ಅದಕ್ಕೆ ಹೇಳಿ, ಕೊಕ್ಕರೆ ಯಾವ ರೈಲನ್ನೂ ಹಿಡೀಬೇಕಾಗಿಲ್ಲ ಅಂತ."

ಅವನು ನಕ್ಕ. ಕನ್ನಡಕ ಮೂಗಿನ ತುದಿಗೆ ಜಾರಿತು. ಕೈ ಖಾಲಿ ಇಲ್ಲದ್ದಕ್ಕೆ ಮುಂಗೈಯಿಂದ ಮೇಲೆ ತಳ್ಳಿದ. ಅಷ್ಟೇ. ಅವಳ ಮನಸ್ಸು ಅಲ್ಲೇ ಜಾರಿತು.

ಮುಂದಿನ ಭಾನುವಾರ ಅವನು ಚಿಪ್‌ನ ಎರಡು ಕಾಲುಗಳ ನಡುವೆ ಒಂದು ತಂತಿ ಬೆಸೆದ. "ಈಗ ಎರಡು ಟೈಮರ್ ಜೋಡಿಸಿದೀನಿ. ಮೊದಲನೆಯದು ಪೂರ್ತಿ ತುಂಬಿದಾಗ ಎರಡನೆಯದು ಬರೀ ಒಂದು ಅಂತ ಎಣಿಸುತ್ತೆ. ಅದೂ ತುಂಬೋವರೆಗೆ ರೆಕ್ಕೆ ಕದಲಲ್ಲ. ಒಂದರ ಕೈಲಿ ಅಷ್ಟು ಹೊತ್ತು ಕಾಯೋಕಾಗಲ್ಲ. ಎರಡು ಸೇರಿದ್ರೆ ಆಗುತ್ತೆ."

ಹೇಳಿ ಅವಳ ಕಣ್ಣು ನೋಡಿದ. ಅವಳು ಮಂಡಕ್ಕಿ ತಟ್ಟೆ ನೋಡಿದಳು.

ಸ್ವಿಚ್ ಒತ್ತಿದ. ಗಂಗೆಯ ದಡದಲ್ಲಿ ಕೊಕ್ಕರೆ ಬಿಚ್ಚುವ ಹಾಗೆಯೇ ರೆಕ್ಕೆ ಮೆಲ್ಲಗೆ ಬಿಚ್ಚಿಕೊಂಡಿತು. ಕೂದಲೆಳೆಯಷ್ಟೂ ಊನವಿರಲಿಲ್ಲ. ಸರಿ ಎಂದುಬಿಟ್ಟರೆ ಇವನು ಮತ್ತೆ ಬರುವುದಿಲ್ಲ ಎಂದು ಅವಳಿಗೆ ಆಗ ಹೊಳೆಯಿತು.

"ಇನ್ನೂ ಸ್ವಲ್ಪ ಜೋರೇ ಇದೆ," ಎಂದಳು.

ಬಾಬಾ ಮೂಲೆಯಲ್ಲಿ ಬೀಡಿ ಸೇದುತ್ತಾ ರೆಕ್ಕೆಯನ್ನೇ ನೋಡುತ್ತಿದ್ದರು. ಮುಂದಿನ ವಾರ ನಿಧಾನ ಮಾಡಿ ತಂದರೆ "ಕೊಕ್ಕರೆ ನಿದ್ದೆ ಹೋಯ್ತು" ಎಂದಳು. ಅದರ ಮುಂದಿನ ವಾರ ಮತ್ತೆ ಜೋರಾಯಿತು. ಚಹಾ, ಜಗಳ, ನಗು. ಆ ಭಾನುವಾರಗಳ ಬೆಸುಗೆಯ ಹೊಗೆ ಇವತ್ತಿಗೂ ಎಲ್ಲಾದರೂ ಮೂಗಿಗೆ ಬಡಿದರೆ ಝುಮುರ್ ನಿಂತಲ್ಲೇ ನಿಂತುಬಿಡುತ್ತಾಳೆ.

ಪೂಜೆ ಹತ್ತಿರ ಬಂತು. ಬಾಬಾ ಗುಡುಗಿದರು: "ಇವತ್ತು ಸರಿಹೋಗದಿದ್ರೆ ಬೇರೆಯವರನ್ನ ಕರೆಸ್ತೀನಿ."

ನಿರುಪಮನ ಮುಖ ಸಣ್ಣದಾಯಿತು. ಸಾಮಾನು ಚೀಲಕ್ಕೆ ತುಂಬಿ ಹೆಗಲಿಗೇರಿಸಿದ. "ಕರೆಸಿ ಕಾಕಾ. ಇದು ನನ್ನ ಕೈಲಾಗಲ್ಲ."

ಅವನು ಹೊರಟೇಬಿಟ್ಟಿದ್ದು ಕಂಡು ಅವಳಿಗೆ ತಡೆಯಲಾಗಲಿಲ್ಲ. ಬಾಗಿಲಿಗೆ ಅಡ್ಡ ನಿಂತಳು.

"ತಂತಿ ಬೆಸೆದ ದಿನವೇ ಸರಿಯಾಗಿತ್ತು. ನಾನೇ ಸುಳ್ಳು ಹೇಳಿದ್ದು."

"ಯಾಕೆ?"

"ಯಾಕೆ ಅಂತ ಬೇರೆ ಹೇಳ್ಬೇಕಾ? ನೀವು ಬರ್ತಾ ಇರ್ಬೇಕು ಅಂತ."

ಅವನಿಗೆ ಸಿಟ್ಟು ಬರಬೇಕಿತ್ತು. ಕಿವಿ ಮಾತ್ರ ಕೆಂಪಾಯಿತು. "ಬಾ ಅಂದಿದ್ರೆ ಚಿಪ್ ಇಲ್ಲದೇನೇ ಬರ್ತಿದ್ನಲ್ಲ!"

ಬಾಬಾ ಇದ್ದಾರೆಂದು ನೆನಪಾಗಿ ಇಬ್ಬರೂ ಬೆಚ್ಚಿ ತಿರುಗಿದರು.

"ಇಷ್ಟು ವರ್ಷ ರೋಲರ್ ತಿರುಗಿಸಿದ ನನಗೆ ರೆಕ್ಕೆ ಸರಿ ಇದೆಯೋ ಇಲ್ವೋ ಗೊತ್ತಾಗಲ್ವಾ?" ಎಂದರು ಬಾಬಾ. "ಇಬ್ಬರಲ್ಲಿ ಒಬ್ಬರಾದ್ರೂ ಬಾಯಿ ಬಿಡ್ಲಿ ಅಂತ ಕಾದೆ. ಕೊನೆಗೆ ನಾನೇ ಬೈಬೇಕಾಯ್ತು."

ನಡುಗುವ ಕೈಯಿಂದಲೇ ನಿರುಪಮನ ಹೆಗಲಿನ ಚೀಲ ಇಳಿಸಿದರು.

"ಬರೋ ಭಾನುವಾರ ನೀನು ಬರಬೇಡ, ಮಗನೇ. ನಾನೇ ನಿಮ್ಮನೆಗೆ ಬರ್ತೀನಿ, ನಿಮ್ಮಮ್ಮನ ಹತ್ರ ಮಾತಾಡೋಕೆ."