ಪದುಮಲೆಯ ನಾಲ್ಕು ಪೆಡಲುಗಳು

ಬಹಳ ಬಹಳ ಹಿಂದೆ, ಏಳು ಬೆಟ್ಟಗಳ ನಡುವೆ, ಕುಂದಣಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಜನಕ್ಕೆ ಹಾಡೆಂದರೆ ಪ್ರಾಣ. ಅರಮನೆಯಲ್ಲಿ ಆರು ತಂತಿಯ ಒಂದು ಗಿಟಾರು ಇತ್ತು. ಅದರ ಜೊತೆಗೆ, ಕಾಲಲ್ಲಿ ಒತ್ತುವ ನಾಲ್ಕು ಹಿತ್ತಾಳೆಯ ಪೆಡಲುಗಳಿದ್ದವು. ಒಂದೊಂದು ಪೆಡಲಿನಲ್ಲೂ ಒಂದೊಂದು ಮಾಯಾಪ್ರಾಣಿ ವಾಸವಾಗಿತ್ತು. ತಂತಿಯ ಸ್ವರ ಸಾಲಾಗಿ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿ ಹೊರಗೆ ಬರುತ್ತಿತ್ತು.

ಒಂದರಲ್ಲಿ ಸಿಂಹ. ಅದು ಸ್ವರಕ್ಕೆ ಗರ್ಜನೆ ಕೊಡುತ್ತಿತ್ತು. ಒಂದರಲ್ಲಿ ಗಿಳಿ. ಅದು ಕೇಳಿದ ಸ್ವರವನ್ನೇ ಮತ್ತೆ ಮತ್ತೆ ನುಡಿದು, ಮೆಲ್ಲಗೆ ಮೆಲ್ಲಗೆ ಸುಮ್ಮನಾಗುತ್ತಿತ್ತು. ಇನ್ನೊಂದರಲ್ಲಿ ತಿಮಿಂಗಿಲ. ಅದರ ಹೊಟ್ಟೆ ಹೊಕ್ಕ ಸ್ವರ ದೊಡ್ಡ ಗುಹೆಯೊಳಗೆ ಹಾಡಿದಂತೆ ತುಂಬಿಕೊಳ್ಳುತ್ತಿತ್ತು. ಕೊನೆಯದರಲ್ಲಿ ಆಮೆ. ಅದು ಬಾಗಿಲು ಕಾಯುತ್ತಿತ್ತು. ಗಟ್ಟಿಯಾದ ಸ್ವರ ಬಂದರೆ ತೆರೆಯುತ್ತಿತ್ತು, ಸಣ್ಣ ಸದ್ದು ಬಂದರೆ ಮುಚ್ಚುತ್ತಿತ್ತು.

ಏಳನೆಯ ಬೆಟ್ಟದ ಮೇಲೆ ಘೂರ್ಣಾಕ್ಷನೆಂಬ ಮಾಂತ್ರಿಕನಿದ್ದ. ಗದ್ದಲವೇ ಅವನ ಆಹಾರ. ಒಂದು ದಿನ ಅವನು ಇಡೀ ರಾಜ್ಯದ ಮೇಲೆ 'ಗುಂಯ್' ಎನ್ನುವ ಸದ್ದನ್ನು ಹರಡಿಬಿಟ್ಟ. ತಾಯಂದಿರ ಜೋಗುಳ ಮಕ್ಕಳಿಗೆ ಕೇಳಿಸದಾಯಿತು. ಎದುರೆದುರು ನಿಂತವರೂ ತುಟಿ ನೋಡಿ ಮಾತು ತಿಳಿಯಬೇಕಾಯಿತು.

ಮಾಂತ್ರಿಕ ಓಲೆಕಾರನನ್ನು ಕಳಿಸಿದ. "ಯಾರಾದರೂ ನನ್ನ ಸಭೆಗೆ ಬಂದು ನುಡಿಸಲಿ. ಹಾಡು ಗರ್ಜಿಸಬೇಕು, ಮರುದನಿ ಕೊಡಬೇಕು, ಮುಗಿದ ಮೇಲೆ ಪೂರ್ತಿ ಮೌನವಾಗಬೇಕು. ಗೆದ್ದರೆ ನನ್ನ ಮಾಯೆ ಮುರಿಯುತ್ತದೆ. ಮೂರು ಸಲ ಸೋತವರು ಕಲ್ಲಾಗುತ್ತಾರೆ."

ಯುವರಾಜ ವಿಜಯಾಂಗ ಹೋದ. ಕಲ್ಲಾದ. ಅವನ ಕುದುರೆ ಗಿಟಾರನ್ನೂ ಪೆಡಲುಗಳನ್ನೂ ಹೊತ್ತು ಒಂಟಿಯಾಗಿ ಮರಳಿತು.

ಆಗ ಅವನ ತಂಗಿ ಪದುಮಲೆ ತಂದೆಯ ಮುಂದೆ ನಿಂತಳು. ಚಂದ್ರಚೂಡ ರಾಜನಿಗೆ ಅವಳ ತುಟಿ ಮಾತ್ರ ಕಂಡಿತು. "ನಾನು ಹೋಗುತ್ತೇನೆ" ಎಂದಿದ್ದಳು ಅವಳು. ರಾಜ ಬೇಡವೆನ್ನಲು ಬಾಯಿ ತೆರೆದ. ಆದರೆ ಮಗಳ ಕಣ್ಣು ನೋಡಿ, ಕುದುರೆಯ ಲಗಾಮನ್ನು ತಾನೇ ಅವಳ ಕೈಗಿಟ್ಟ.

ಮಾಂತ್ರಿಕನ ಸಭೆಯೊಳಗೆ ಮಾತ್ರ ಆ ಗದ್ದಲವಿರಲಿಲ್ಲ, ಮಾತು ಕೇಳಿಸುತ್ತಿತ್ತು. ಸಭೆಯ ತುಂಬ ಕಲ್ಲಾದ ವಾದಕರು ನಿಂತಿದ್ದರು. ಅಣ್ಣನೂ ನಿಂತಿದ್ದ. ಪದುಮಲೆ ಅವನ ಪಕ್ಕದಲ್ಲೇ ಪೆಡಲುಗಳನ್ನು ಇಳಿಸಿದಳು. ಬೆಳ್ಳಿಯ ಒಂದು ತೊಟ್ಟಿಯಲ್ಲಿ ಮಿಂಚಿನ ನೀರು ತುಂಬಿಸಿದಳು. ಅದನ್ನು ಕುಡಿದರಷ್ಟೇ ಪ್ರಾಣಿಗಳಿಗೆ ಶಕ್ತಿ.

"ನಾನು ರಾಜ," ಎಂದಿತು ಸಿಂಹ. "ಮೆರವಣಿಗೆಯಲ್ಲಿ ರಾಜ ಕೊನೆಗೆ ಬರುತ್ತಾನೆ."

ಪದುಮಲೆ ಸಿಂಹವನ್ನು ಕೊನೆಗಿಟ್ಟು ನುಡಿಸಿದಳು. ಗಿಳಿ ನುಡಿದ ಮರುದನಿಗಳೆಲ್ಲ ಒಟ್ಟಾಗಿ ಸಿಂಹದ ಬಾಯಿಗೆ ಬಿದ್ದವು. ಸಿಂಹ ಒಂದೊಂದಕ್ಕೂ ಗರ್ಜಿಸಿತು. ಹಾಡು ಕೆಸರಾಯಿತು. ಮಾಂತ್ರಿಕ ಹೊಟ್ಟೆ ತುಂಬ ಉಂಡು ತೇಗಿದ. ಪದುಮಲೆಯ ಜಡೆ ಕಲ್ಲಾಯಿತು.

ಅವಳು ಸಿಂಹದ ಮುಂದೆ ಕೂತಳು. "ತಂತಿಯಿಂದ ಹೊರಟ ಸ್ವರ ಮೊದಲು ರಾಜನ ಬಳಿಗೇ ಬರಬೇಕಲ್ಲವೇ?" ಎಂದು ಕೇಳಿದಳು. ಸಿಂಹಕ್ಕೆ ಆ ಮಾತು ಹಿಡಿಸಿತು. ಹೆಜ್ಜೆ ಹಾಕಿ ಮುಂದೆ ಬಂತು. ಅದರ ಹಿಂದೆ ಗಿಳಿ, ಆಮೇಲೆ ತಿಮಿಂಗಿಲ, ಎಲ್ಲರ ಹಿಂದೆ ಬಾಗಿಲು ಕಾಯಲು ಆಮೆ.

ಎರಡನೆಯ ಸಲ ಹಾಡು ಸ್ಪಷ್ಟವಾಗಿ ಗರ್ಜಿಸಿತು. ಗಿಳಿ ಚೆನ್ನಾಗಿ ಮರುನುಡಿಯಿತು. ಆದರೆ ಗಿಳಿಯ ದನಿ ಮೆಲ್ಲಗಾಗುತ್ತಲೇ ಆಮೆ ಬಾಗಿಲು ಮುಚ್ಚಿತು. ಮರುದನಿ ಅರ್ಧಕ್ಕೇ ತುಂಡಾಯಿತು.

"ಹಾಡಿನ ಕತ್ತು ಹಿಸುಕಿದೆ," ಎಂದ ಮಾಂತ್ರಿಕ. ಪದುಮಲೆಯ ಎಡಗಾಲು ಕಲ್ಲಾಯಿತು.

"ಮನೆಗೆ ಹೋಗು, ರಾಜಕುಮಾರಿ," ಎಂದ ಅವನು. "ಸೋತೆ ಎಂದು ಒಪ್ಪಿಕೊಂಡರೆ ಕಾಲು ವಾಪಸು ಕೊಡುತ್ತೇನೆ."

ಪದುಮಲೆಗೆ ಅಳು ಬಂದಿತ್ತು. ಆದರೂ ತಲೆಯೆತ್ತಿದಳು. "ನನ್ನ ಮೂರನೆಯ ಸರದಿ ಇನ್ನೂ ಇದೆ. ಬೇಡಿ ಪಡೆದ ಕಾಲಲ್ಲಿ ನಾನು ಕುಂದಣಗಿರಿಗೆ ನಡೆದು ಹೋಗುವವಳಲ್ಲ."

ಅವಳು ಪೆಡಲುಗಳಿಗೆ ಕಿವಿಯಿಟ್ಟು ಕೂತಳು. ಏನನ್ನೂ ನುಡಿಸದಿದ್ದರೂ ಅವುಗಳೊಳಗಿಂದ 'ಗುಂಯ್' ಎಂಬ ಸದ್ದು ಸಣ್ಣಗೆ ಬರುತ್ತಿತ್ತು. ಆಮೆ ಮೆಲ್ಲಗೆ ಹೇಳಿತು: "ತಾಯೀ, ನಾವು ನಾಲ್ವರೂ ಒಂದೇ ತೊಟ್ಟಿಗೆ ಬಾಯಿ ಹಾಕುತ್ತೇವೆ. ಒಬ್ಬರು ನುಂಗಿದ ಸದ್ದು ಎಲ್ಲರ ಗಂಟಲಲ್ಲೂ ಗುಂಯ್ಗುಡುತ್ತದೆ. ಸಿಂಹ ಅದನ್ನು ಹತ್ತುಪಟ್ಟು ಮಾಡುತ್ತದೆ. ನನ್ನ ತನಕ ಬರುವಾಗ ಗಿಳಿಯ ದನಿ ಯಾವುದು, ಗದ್ದಲ ಯಾವುದು, ತಿಳಿಯುವುದಿಲ್ಲ."

ಪದುಮಲೆ ತೊಟ್ಟಿ ಬರಿದು ಮಾಡಿದಳು. ನಾಲ್ಕು ಬಟ್ಟಲು ಜೋಡಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಮಿಂಚಿನ ನೀರು ಹಾಕಿದಳು. ಆಮೆಯನ್ನು ಎತ್ತಿ ಸಿಂಹದ ಹಿಂದೆಯೇ ಕೂರಿಸಿದಳು. "ಸಿಂಹ ಗರ್ಜಿಸಿದರೆ ತೆರೆ. ಬರೀ ಗೊರಕೆ ಹೊಡೆದರೆ ಮುಚ್ಚು," ಎಂದಳು. ಆಮೆಯ ಹಿಂದೆ ಗಿಳಿ, ಗಿಳಿಯ ಹಿಂದೆ ತಿಮಿಂಗಿಲ. ಈಗ ಅವರ ದಾರಿಗೆ ಅಡ್ಡ ಯಾವ ಬಾಗಿಲೂ ಇರಲಿಲ್ಲ.

ಒಂದೇ ಕಾಲಲ್ಲಿ ನಿಂತಿದ್ದಳು, ಒತ್ತುವುದು ಹೇಗೆ? ಅಣ್ಣನ ಕಲ್ಲಿನ ಭುಜಕ್ಕೆ ಒರಗಿ ಬಲಗಾಲನ್ನು ಬಿಡಿಸಿಕೊಂಡಳು. ಆಮೇಲೆ ನುಡಿಸಿದಳು.

ಸಿಂಹ ಗರ್ಜಿಸಿತು, ಸಭೆಯ ಕಂಬಗಳು ನಡುಗಿದವು. ಗಿಳಿ ನುಡಿಯಿತು, ಮತ್ತೆ ನುಡಿಯಿತು, ತಿಮಿಂಗಿಲದ ಹೊಟ್ಟೆಯಲ್ಲಿ ಹಾಡು ಆಕಾಶದಷ್ಟು ಅಗಲವಾಯಿತು. ಪದುಮಲೆ ತಂತಿಯ ಮೇಲೆ ಅಂಗೈಯಿಟ್ಟಳು. ಆಮೆ ಬಾಗಿಲು ಮುಚ್ಚಿತು. ಗಿಳಿಯ ಕೊನೆಯ ದನಿ ದೂರ ದೂರ ಸರಿದು, ತೆಳ್ಳಗಾಗಿ, ತಾನಾಗಿಯೇ ನಿಂತಿತು.

ಆಮೇಲೆ ಏನೂ ಕೇಳಿಸಲಿಲ್ಲ.

ಘೂರ್ಣಾಕ್ಷ ಕಿವಿಗೆ ಕೈಯಿಟ್ಟು ಹುಡುಕಿದ. ತಿನ್ನಲು ಒಂದು ಚೂರು ಗದ್ದಲವೂ ಸಿಗಲಿಲ್ಲ. ಅವನು ಸೊರಗಿದ, ಹೊಗೆಯಾದ, ಕಿಟಕಿಯಿಂದ ಹಾರಿಹೋದ. ಪದುಮಲೆಯ ಜಡೆ ಮತ್ತೆ ಹಗುರಾಯಿತು, ಕಾಲಿಗೆ ಬಿಸಿ ರಕ್ತ ಹರಿಯಿತು. ಅವಳು ಒರಗಿದ್ದ ಭುಜ ಮೆತ್ತಗಾಯಿತು.

"ಎಲ್ಲವನ್ನೂ ಕೇಳಿಸಿಕೊಂಡೆ, ತಂಗೀ," ಎಂದ ವಿಜಯಾಂಗ. "ಕಲ್ಲಿನೊಳಗಿಂದಲೂ ಕೇಳಿಸಿತು."

ಬಿಡುಗಡೆಯಾದ ವಾದಕರೆಲ್ಲ ಅವಳ ಹಿಂದೆ ಬೆಟ್ಟ ಇಳಿದರು. ಊರ ಬಾಗಿಲಲ್ಲಿ ಚಂದ್ರಚೂಡ ರಾಜ ಬರಿಗಾಲಲ್ಲಿ ನಿಂತಿದ್ದ. ಸುತ್ತ ಸಾವಿರಾರು ಜನ. ರಾಜ ಗಟ್ಟಿಯಾಗಿ ಹೇಳಬೇಕಾದ್ದೇ ಇರಲಿಲ್ಲ. ಮೆಲ್ಲಗೆ ಹೇಳಿದ, ಕಡೆಯ ಸಾಲಿನವರಿಗೂ ಕೇಳಿಸಿತು.

"ಇವಳು ನನ್ನ ಮಗಳು."

ಅಂದಿನಿಂದ ಕುಂದಣಗಿರಿಯಲ್ಲಿ ಹಾಡುವವರು ಮನಸಾರೆ ಹಾಡಿದರು, ಕೇಳುವವರು ಕಿವಿ ತುಂಬ ಕೇಳಿದರು, ಎಲ್ಲರೂ ಸುಖವಾಗಿ ಬಾಳಿದರು.