ಹೊಸ ಆವೃತ್ತಿ ಬಂದಿದೆ, ಹಾಕಲೇ?

2007ರ ಸೆಪ್ಟೆಂಬರ್ 12, ಬುಧವಾರ. ಬೆಳಿಗ್ಗೆ ಹತ್ತೂಕಾಲಿಗೆ ಪಲ್ಲಾವರಂನ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಕುರ್ಚಿ ಬಾಗಿಲಿಗೆ ಬೆನ್ನಾಗಿತ್ತು. ಇನ್ಸ್‌ಪೆಕ್ಟರ್ ಅಂದಾನಿ ಎದ್ದು ಅದನ್ನು ತಿರುಗಿಸಿದರು. ಆಗ ಕೂತಳು.

ಹೆಸರು ಮೌನ, ಊರು ಮಂಡ್ಯ. ಹೊಡೆಯುವ ಗಂಡನನ್ನು ಬಿಟ್ಟು ಪೋರೂರಿನಿಂದ ಓಡಿಬಂದು ಮೂರು ತಿಂಗಳಾಗಿತ್ತು. ಸಿಮ್ಮು, ಕೆಲಸ, ಮೇಲ್ ವಿಳಾಸ ಎಲ್ಲ ಬದಲಾಯಿಸಿ ಇಲ್ಲಿ ಸಣ್ಣಮ್ಮ ಎಂಬ ಕನ್ನಡದವರ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದಳು.

ಅಂದಾನಿಯವರ ಊರು ಗಡಿಯ ತಾಳವಾಡಿ, ಮನೆಮಾತು ಕನ್ನಡ. ತಮಿಳಿನಲ್ಲೇ ನಡೆಯುವ ಈ ಠಾಣೆಯಲ್ಲಿ ಕನ್ನಡ ಆಡುವ ಸಂದರ್ಭ ಅವರಿಗೆ ಬರುತ್ತಿದ್ದುದೇ ಕಡಿಮೆ. "ಏನಾಯ್ತು, ಹೇಳವ್ವ."

"ಭಾನುವಾರ ರಾತ್ರಿ ಅಮ್ಮಂಗೆ ಮೇಲ್ ಬರೀತಿದ್ದೆ ಸರ್. 'ಇಲ್ಲಿ ಯಾರೂ ನನ್ನ ಹೊಡೆಯಲ್ಲ, ನೆಮ್ಮದಿಯಾಗಿ ನಿದ್ದೆ ಬರ್ತದೆ' ಅಂತ ಬರೆದೆ. ಅಮ್ಮ ಅಳ್ತಾಳೆ ಅಂತ ಅಳಿಸಿಬಿಟ್ಟೆ. ಕಳಿಸಲೇ ಇಲ್ಲ."

"ಆಮೇಲೆ?"

ಅವಳು ಒಂದು ಪ್ರಿಂಟ್ ತೆಗೆದಿಟ್ಟಳು. ಸೋಮವಾರ ಬೆಳಿಗ್ಗೆ ಗುರುತಿಲ್ಲದ ವಿಳಾಸದಿಂದ ಬಂದ ಮೇಲ್. ಅದರಲ್ಲಿ ಇದ್ದದ್ದು ಆ ಒಂದು ಸಾಲು ಮಾತ್ರ, ಅಕ್ಷರ ಬಿಡದೆ.

ಅಂದಾನಿ ಅದನ್ನು ಎರಡು ಸಲ ಓದಿದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರು ಹೆಣ ಕಂಡು ಹೆದರಿದವರಲ್ಲ. ಈಗ ಈ ಒಂದು ಸಾಲಿಗೆ ಹೆದರಿದರು. ಎಫ್‌ಐಆರ್ ದಾಖಲಾಯಿತು: ಐಟಿ ಕಾಯ್ದೆ, 66ನೇ ಕಲಂ.

ಮಧ್ಯಾಹ್ನ ಸೈಬರ್ ವಿಭಾಗದ ತಜ್ಞ ಅವಳ ಲ್ಯಾಪ್‌ಟಾಪ್ ನೋಡಿದ. ವೈರಸ್ ಇರಲಿಲ್ಲ. ಬ್ರೌಸರಿಗೆ ಅಂಟಿಸಿದ ಒಂದೇ ಒಂದು ಎಕ್ಸ್‌ಟೆನ್ಷನ್ ಇತ್ತು, ಕನ್ನಡ ಟೈಪ್ ಮಾಡುವುದಕ್ಕೆ. ಭಾನುವಾರ ಅದು ಅಪ್‌ಡೇಟ್ ಆಗಿತ್ತು. ಅಂದಿನಿಂದ ಬ್ರೌಸರಿನಲ್ಲಿ ಒತ್ತಿದ ಪ್ರತಿ ಕೀಲಿಯೂ ಹೊರಗೆ ಹೋಗುತ್ತಿತ್ತು.

"ಇದನ್ನ ಯಾಕೆ ಹಾಕ್ಕೊಂಡೆ?" ಎಂದರು ಅಂದಾನಿ.

"ಅಮ್ಮಂಗೆ ಇಂಗ್ಲಿಷ್ ಬರಲ್ಲ ಸರ್. ಇದು ನಮ್ಮ ಕನ್ನಡ ಸಂಘದೋರೇ ಮಾಡಿದ್ದು. ಎಲ್ಲಾರ ಮನೇಲೂ ಐತೆ. ಹೊಸ ಆವೃತ್ತಿ ಬಂದಿದೆ ಹಾಕಲೇ ಅಂತ ಕೇಳ್ತು, ಹ್ಞೂಂ ಅಂದೆ."

ಗುರುವಾರ ಅಂದಾನಿ ಕಾನ್‌ಸ್ಟೆಬಲ್ ಏಳುಮಲೈ ಜೊತೆ ಅಡ್ಯಾರಿಗೆ ಹೋದರು. ಎಕ್ಸ್‌ಟೆನ್ಷನ್ ಬರೆದ ಲಿಖಿತ್ ಪೊಲೀಸರನ್ನು ಕಂಡು ಗೇಟಿನಲ್ಲೇ ಬೆವೆತ.

"ಅಪ್‌ಡೇಟ್ ಕಳಿಸೋದು ನೀನಾ?"

"ನಾನಲ್ಲ ಸರ್. ಹೋದ ವರ್ಷ ನಂಗೆ ಟೈಮೇ ಇರ್ಲಿಲ್ಲ. ಸಂಘದ ಮೀಟಿಂಗಲ್ಲಿ ಯಾರಾದ್ರೂ ನೋಡ್ಕೊಳ್ತೀರಾ ಅಂದೆ. ಒಬ್ರು ಕೈ ಎತ್ತಿದ್ರು. ಪಾಸ್‌ವರ್ಡ್ ಕೊಟ್ಟೆ. ಎಲ್ರೂ ಚಪ್ಪಾಳೆ ಹೊಡೆದ್ರು."

"ಯಾರು ಎತ್ತಿದ್ದು?"

"ರುದ್ರೇಶ್ ಅಂತ. ಪೋರೂರು."

ಮೌನಳ ಗಂಡ. ಅವಳನ್ನು ಅವನು ಸಂಘಕ್ಕೆ ಕಳಿಸುತ್ತಲೇ ಇರಲಿಲ್ಲ. ಹಾಗಾಗಿ ಅವಳಿಗೆ ಇದು ಗೊತ್ತಿರಲಿಲ್ಲ.

ಪೋರೂರಿನ ಮನೆಗೆ ಬೀಗ ಬಿದ್ದಿತ್ತು. ಮಂಗಳವಾರದಿಂದ ಆಫೀಸಿಗೂ ಬಂದಿಲ್ಲ ಎಂದರು. ಏಳುಮಲೈ ಕಿಟಕಿಯಲ್ಲಿ ಇಣುಕಿ, ಒಳಗೆ ಯಾರೂ ಕಾಣದೆ, "ಆಳೇ ಇಲ್ಲೆ ಸಾರ್" ಎಂದ.

ಠಾಣೆಗೆ ಮರಳಿ ಅಂದಾನಿ ಮೌನಳನ್ನು ಕೇಳಿದರು: "ಅಮ್ಮಂಗೆ ಬರೆದ ಮೇಲಲ್ಲಿ ಮನೆ ವಿಳಾಸ ಬರ್ದಿದ್ಯಾ?"

"ಇಲ್ಲ ಸರ್. ಪಲ್ಲಾವರಂ ಅಂತ ಮಾತ್ರ."

ಹಾಗಾದರೆ ಅವನನ್ನು ಕರೆಸಿಕೊಳ್ಳಬಹುದು. ಎಕ್ಸ್‌ಟೆನ್ಷನ್ ತೆಗೆಯದೆ, ಅಂದಾನಿ ಹೇಳಿದಂತೆ ಅವಳು ಟೈಪ್ ಮಾಡಿದಳು: 'ಅಮ್ಮಾ, ನಾಳೆ ಸಂಜೆ ಐದಕ್ಕೆ ಶುಕ್ರವಾರದ ಸಂತೆಗೆ ಹೋಗ್ತೀನಿ, ಗಿಡ ಮಾರೋ ಸಾಲಿಗೆ.' ಎರಡು ಸಲ ತಪ್ಪಾಯಿತು.

ಶುಕ್ರವಾರ ಐದಕ್ಕೆ ಮೌನಳನ್ನು ಠಾಣೆಯಲ್ಲಿ ಕೂರಿಸಿ, ಮಫ್ತಿಯಲ್ಲಿದ್ದ ಐವರು ಸಂತೆಯಲ್ಲಿ ಹರಡಿಕೊಂಡರು. ಹಳೆ ಫ್ಯಾನು, ಪಾರಿವಾಳ, ಗುಲಾಬಿ ಸಸಿ, ಜನವೋ ಜನ. ಐದೂವರೆ ಆಯಿತು. ರುದ್ರೇಶನ ಸುಳಿವಿಲ್ಲ. ಪಕ್ಕದಲ್ಲಿ ಒಬ್ಬ ಟ್ರಾನ್ಸಿಸ್ಟರಿಗೆ ಚೌಕಾಸಿ ಮಾಡುತ್ತಿದ್ದ. ಅವನ ಕೈಯಲ್ಲಿ ಕೊರಿಯರ್ ಕವರೊಂದಿತ್ತು. ಅದನ್ನು ನೋಡುತ್ತಿದ್ದಂತೆ ಅಂದಾನಿಯವರಿಗೆ ಹೊಳೆಯಿತು. ತಾನು ಕೇಳಿದ್ದು ಮೇಲ್ ಬಗ್ಗೆ ಮಾತ್ರ. ಆದರೆ ಆ ಎಕ್ಸ್‌ಟೆನ್ಷನ್ ಎಲ್ಲವನ್ನೂ ಓದುತ್ತಿತ್ತು.

ಠಾಣೆಗೆ ಫೋನ್ ಮಾಡಿದರು. "ಅವ್ವಾ, ಮೇಲ್ ಬಿಟ್ಟು ಬೇರೆ ಏನೇನು ಟೈಪ್ ಮಾಡ್ದೆ?"

"ಏನಿಲ್ಲ ಸರ್... ದಸರಾಕ್ಕೆ ರೈಲು ಟಿಕೆಟ್. ಸೋಮವಾರ. ವಿಳಾಸ ಹಾಕಿದ್ರೆ ಟಿಕೆಟ್ ಮನೆಗೇ ಕೊರಿಯರ್ ಬರ್ತದಲ್ಲ."

ಮನೆ ನಂಬರ್, ಬೀದಿ, ಪಿನ್‌ಕೋಡ್. ಮನೆ ಗೊತ್ತಿರುವವನು ಸಂತೆಗೇಕೆ ಬರುತ್ತಾನೆ? ಕೋಣೆ ಐದಕ್ಕೆ ಖಾಲಿಯಿರುತ್ತದೆಂದು ತಾವೇ ಅವನಿಗೆ ತಿಳಿಸಿದ್ದರು. ಮನೆಯಲ್ಲಿ ಮುದುಕಿ ಸಣ್ಣಮ್ಮ ಒಬ್ಬರೇ.

ಸಣ್ಣಮ್ಮನ ಫೋನ್ ರಿಂಗಾಯಿತು. ಯಾರೂ ಎತ್ತಲಿಲ್ಲ. ಜೀಪು ಸಂತೆಯ ಜನದಲ್ಲಿ ಸಿಕ್ಕಿಬಿತ್ತು. ಅಂದಾನಿ ಇಳಿದು ಓಡಿದರು. ಏಳುಮಲೈ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹಿಂದೆ ಓಡಿದ.

ಬಾಗಿಲು ತೆರೆದೇ ಇತ್ತು. ಸಣ್ಣಮ್ಮ ಅಡುಗೆಮನೆಯಿಂದ ಲೋಟ ಹಿಡಿದು ಬಂದರು. "ಏನ್ ಸಾರ್ ಹಿಂಗೆ ಬೆವ್ತಿದ್ದೀರಿ? ಮೌನನ ಅಣ್ಣ ಬಂದವ್ರೆ. ಒಗ್ಗರಣೆ ಗಲಾಟೇಲಿ ಫೋನ್ ಎತ್ತಕ್ಕಾಗ್ಲಿಲ್ಲ. ಕಾಫಿ—"

ಅಂದಾನಿ ಬಾಯ ಮೇಲೆ ಬೆರಳಿಟ್ಟರು. ಕೋಣೆಯ ಬಾಗಿಲು ತಳ್ಳಿದರೆ ಪೂರ್ತಿ ತೆರೆಯಲಿಲ್ಲ. ಹಿಂದೆ ಯಾರೋ ನಿಂತಿದ್ದರು. ಭುಜ ಕೊಟ್ಟು ನುಗ್ಗಿದರು, ಏಳುಮಲೈ ಅವನ ಕೈಗಳನ್ನು ಹಿಂದಕ್ಕೆ ತಿರುಚಿದ. ರುದ್ರೇಶ್ ಎದುರು ಬೀಳಲಿಲ್ಲ.

6.20ಕ್ಕೆ ಪಂಚನಾಮೆ. ಚೀಲದಲ್ಲಿ ಸಿಕ್ಕಿದ್ದು ನೀರಿನ ಬಾಟಲಿಯಲ್ಲಿ ತುಂಬಿದ ಪೆಟ್ರೋಲು, ಬೆಂಕಿಪೊಟ್ಟಣ. ಅವನು ಸಿಗರೇಟು ಸೇದುವವನಲ್ಲ.

"ಕನ್ನಡದಲ್ಲೇ ಮಾತಾಡಿದ್ರಲ್ಲ ಸಾರ್," ಎಂದರು ಸಣ್ಣಮ್ಮ. "ನಮ್ಮೋರು ಅಂತ ಬಾಗ್ಲು ತೆಗ್ದೆ." ಅವನಿಗೆಂದು ಮಾಡಿದ ಕಾಫಿಯನ್ನು ಬಚ್ಚಲಿಗೆ ಸುರಿದರು.

ಠಾಣೆಯಲ್ಲಿ ಪ್ರಶ್ನೆ ಹೆಚ್ಚಿರಲಿಲ್ಲ.

"ಒಬ್ಬಳಿಗೋಸ್ಕರ ಎಲ್ಲರ ಮನೆಗೂ ಕಳಿಸ್ದಾ?"

"ಎಲ್ಲಿದಾಳೆ ಅಂತ ಗೊತ್ತಿರ್ಲಿಲ್ಲ. ಅಮ್ಮಂಗೆ ಕನ್ನಡದಲ್ಲೇ ಬರೀತಾಳೆ ಅನ್ನೋದು ಗೊತ್ತಿತ್ತು."

"ಆ ಮೇಲ್ ಯಾಕೆ ಕಳಿಸ್ದೆ? ಸುಮ್ನಿದ್ದಿದ್ರೆ ನಮಗೆ ಸುಳಿವೇ ಸಿಗ್ತಿರ್ಲಿಲ್ಲ."

ರುದ್ರೇಶ್ ಮೊದಲ ಸಲ ತಲೆ ಎತ್ತಿದ. "ನೆಮ್ಮದಿಯಾಗಿ ನಿದ್ದೆ ಬರ್ತದೆ ಅಂತ ಬರೆದಿದ್ಲು ಸರ್. ತಡ್ಕೊಳ್ಳೋಕಾಗ್ಲಿಲ್ಲ."

ಶನಿವಾರ ಅಂದಾನಿಯವರ ಎದುರಿನಲ್ಲೇ ಕೂತು ಲಿಖಿತ್ ಆ ಕಳ್ಳ ಕೋಡನ್ನು ಅಳಿಸುವ ಕೊನೆಯ ಅಪ್‌ಡೇಟ್ ಹೊರಡಿಸಿದ. ಪರದೆಯ ಮೇಲಿನ ಪಟ್ಟಿಯಲ್ಲಿ ಮನೆಮನೆಯ ಕಂಪ್ಯೂಟರುಗಳು ಒಂದೊಂದಾಗಿ ಅದನ್ನು ಎಳೆದುಕೊಳ್ಳುತ್ತಿದ್ದವು.

"ಯಾರು ಕಳಿಸಿದ್ದು, ಯಾಕೆ ಅಂತ ಒಬ್ಬರಾದ್ರೂ ಕೇಳುದ್ರಾ?" ಎಂದರು ಅಂದಾನಿ.

ಲಿಖಿತ್ ತನ್ನ ಮೇಲ್ ತೆರೆದು ನೋಡಿದ. "ಇಲ್ಲ ಸರ್. ಎಲ್ರೂ ಹ್ಞೂಂ ಅಂತಿದಾರೆ."