ಕಂಪ್ಯೂಟರ್ ನುಂಗಿದ ಅರ್ಧ ಮನೆತನ

ಕಾಮಸಮುದ್ರದ ಬಸ್ಸು ಬಂದು ನಿಂತ ಸದ್ದಾದರೆ ಸಾಕು, ಅನಸೂಯಳ ಬೆರಳುಗಳು ಕೀಬೋರ್ಡಿನ ಮೇಲೆ ಎಲ್ಲೆಲ್ಲೋ ಓಡುತ್ತಿದ್ದವು. ತೊಂಬತ್ತೈದನೇ ಇಸವಿ. ಬಂಗಾರಪೇಟೆಯ ಆ ಗ್ಯಾಸ್ ಏಜೆನ್ಸಿಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು, ಕಂಪ್ಯೂಟರಿಗಾಗಿ ಅನಸೂಯ ಬಂದಿದ್ದಳು, ಅನಸೂಯಳಿಗಾಗಿ ಕೋದಂಡ ಬರುತ್ತಿದ್ದ.

ನೆಪವೇನೋ ಗಟ್ಟಿಯಾಗೇ ಇತ್ತು. ಅವನಪ್ಪ ಚಿಕ್ಕವೆಂಕಟಪ್ಪ ಗ್ಯಾಸ್ ಕನೆಕ್ಷನ್ನಿಗೆ ಹಾಕಿದ್ದ ಅರ್ಜಿಯ ರಸೀದಿ ಕಳೆದುಹೋಗಿತ್ತು. ಹೆಸರು ಹಾಕಿ ಹುಡುಕಿದರೆ ಕಂಪ್ಯೂಟರ್ ಇಲ್ಲವೇ ಇಲ್ಲ ಅನ್ನುತ್ತಿತ್ತು. ಊರು, ಮನೆತನ, ತಾತ, ಅಪ್ಪ ಎಲ್ಲ ಸೇರಿ ಮಾರುದ್ದ ಇರೋ ನಮ್ಮ ಕಡೆ ಹೆಸರಲ್ಲಿ ಅದು ಕೇಳೋ 'ಸರ್‌ನೇಮ್' ಯಾವುದೂಂತ ಯಾರಿಗೆ ಗೊತ್ತು?

"ಇವತ್ತಾದ್ರೂ ಸಿಕ್ತಾ ಮೇಡಂ?"

"ಸಿಕ್ಕಿದ್ರೆ ನಾಳೆಯಿಂದ ಬರಲ್ವಲ್ಲ ನೀವು," ಅಂದುಬಿಟ್ಟು ಅವಳು ತುಟಿ ಕಚ್ಚಿಕೊಂಡಳು.

ಅವನು ಕಣ್ಣಲ್ಲೇ ನಕ್ಕ. "ಅಂಗಾದ್ರೆ ಸಿಕ್ಕೋದೇ ಬೇಡ ಬಿಡಿ."

ಕೆಂಪಾದ ಮುಖ ಮರೆಸಲು ಅವಳು ಕಂಪ್ಯೂಟರಿನತ್ತ ತಿರುಗಿ, ಸರ್‌ನೇಮ್ ಖಾಲಿ ಬಿಟ್ಟು, ಬರೀ ಚಿಕ್ಕವೆಂಕಟಪ್ಪ, ಕಾಮಸಮುದ್ರ ಅಂತ ಒತ್ತಿದಳು. ಹಾಳಾದ್ದು, ಸಿಕ್ಕೇಬಿಟ್ಟಿತು! ಸರ್‌ನೇಮ್ ಇರೋ ಕಡೆ ಇದ್ದದ್ದು: ಪೆದ್ದಿಂಟಿ.

ಅವಳ ಮನೆತನವೂ ಪೆದ್ದಿಂಟಿಯೇ. ಒಂದೇ ಮನೆತನ ಅಂದರೆ ಅಣ್ಣ ತಂಗಿ, ಮದುವೆಯ ಮಾತೇ ಎತ್ತುವ ಹಾಗಿಲ್ಲ. ಇಷ್ಟು ದಿನದ ಕಣ್ಣಾಟವೆಲ್ಲ ನೆನಪಾಗಿ ಅಳು ಒತ್ತರಿಸಿಕೊಂಡು ಬಂತು.

"ಸಿಕ್ತು... ಅಣ್ಣ."

"ಅಣ್ಣನಾ?" ಕೋದಂಡ ಇಂಗು ತಿಂದ ಮಂಗನಂತಾದ. "ನಾನೇನ್ ತಪ್ಪು ಮಾಡ್ದೆ?"

"ನಾವೂ ಪೆದ್ದಿಂಟೋರೇ."

ಅವನು ಕೌಂಟರಿನ ಮೇಲೆ ಬಗ್ಗಿ ನೋಡಿ ಹಣೆ ಚಚ್ಚಿಕೊಂಡ. "ಯಾರ್ರೀ ಇದನ್ನ ಟೈಪ್ ಮಾಡ್ದೋರು? ಅರ್ಧ ಮನೆತನಾನೇ ನುಂಗವ್ರೆ! ನಾವು ನೂತಿ ಪೆದ್ದಿಂಟೋರು, ಬಾವಿ ಪಕ್ಕದೋರು. ನೀವು?"

"ಕೋಟ ಪೆದ್ದಿಂಟೋರು." ಕಂಪ್ಯೂಟರಿನ ಸರ್‌ನೇಮ್ ಜಾಗದಲ್ಲಿ ಹಿಡಿಯುವುದು ಒಂದೇ ಪದ. ಎರಡಿದ್ದರೆ ಮೊದಲನೆಯದನ್ನು ಬಿಟ್ಟು ತುಂಬುತ್ತಿದ್ದವಳು ಅವಳೇ. ಹೇಳಲು ನಾಚಿಕೆಯಾಯಿತು.

"ನಮ್ಮಮ್ಮ ಕೋಟ ಪೆದ್ದಿಂಟೋರ ಮಗಳು ಕಣ್ರೀ! ಎಣ್ಣು ಕೊಟ್ಟು ತರೋ ಮನೆತನ. ವರಸೇಲಿ ನಾನು ಅಣ್ಣ ಅಲ್ಲ, ಬಾವ ಆಯ್ತೀನಿ." ಅವನು ಕೌಂಟರಿನ ಮೇಲೆ ಇನ್ನಷ್ಟು ಬಾಗಿದ. "ಆಗ್ಲಾ?"

ಸಿಲಿಂಡರಿಗೆ ಕ್ಯೂ ನಿಂತವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡಿದ್ದರು. ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ ಅನ್ನಿಸಿತು ಅನಸೂಯಳಿಗೆ.

"ಭಾನುವಾರ ಅಪ್ಪ ಮನೇಲಿರ್ತಾರೆ, ನಿಮ್ಮಮ್ಮನ್ನ ಕರ್ಕೊಂಡು ಬನ್ನಿ," ಅಂದು, ಮೊದಲ ಸಲ ಅವನನ್ನು ನೇರವಾಗಿ ನೋಡಿದಳು. "ತಡ ಮಾಡ್ಬೇಡಿ ಬಾವ, ನನ್ ಕೈಲಿ ಕಾಯಕ್ಕಾಗಲ್ಲ."